ಹಗ್ಗದ ಎರಡು ತುದಿಗಳು

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಮುಂಬಯಿಯಿಂದ ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಕಿಟಕಿಯ ಬಳಿ ಕುಳಿತವರಿಗೆ ಆ ಗಾದೆಯ ಸತ್ಯ ಪ್ರತಿ ಪ್ರಯಾಣದಲ್ಲೂ ಕಣ್ಣೆದುರು ಬರುತ್ತದೆ. ಕರ್ಜತ್ ನಿಲ್ದಾಣದಲ್ಲಿ ಗಾಡಿಯ ಹಿಂಬದಿಗೆ ತಳ್ಳುವ ಎಂಜಿನ್‌ಗಳು ಸೇರಿಕೊಳ್ಳುತ್ತವೆ. 37 ಅಡಿ ಸಾಗಿದರೆ ಒಂದು ಅಡಿ ಮೇಲೇರುವಷ್ಟು ಕಡಿದಾದ ಬೋರ್ ಘಾಟಿನ ದಾರಿಯಲ್ಲಿ, 1863ರಲ್ಲಿ ಸಂಚಾರಕ್ಕೆ ತೆರವಾದ ಆ ಪುರಾತನ ಮಾರ್ಗದಲ್ಲಿ, ಗಾಡಿ ಮೆಲ್ಲಮೆಲ್ಲನೆ ಸಹ್ಯಾದ್ರಿಯನ್ನು ಏರತೊಡಗುತ್ತದೆ. ಖಂಡಾಳ ಸಮೀಪಿಸುತ್ತಿದ್ದಂತೆ ಕಣಿವೆಯ ಆಚೆಗೆ ಹೆಡೆಯೆತ್ತಿ ನಿಂತ ಸರ್ಪದಂತೆ ಒಂದು ಕರಿಯ ಶಿಖರ ಕಾಣಿಸುತ್ತದೆ. ಸ್ಥಳೀಯರು ಅದನ್ನು ನಾಗಫಣಿ ಎಂದು ಕರೆದರೆ, ಆಂಗ್ಲರು ಅದರಲ್ಲಿ ವೆಲಿಂಗ್ಟನ್ ಡ್ಯೂಕನ ಮೂಗನ್ನು ಕಂಡು 'ಡ್ಯೂಕ್ಸ್ ನೋಸ್' ಎಂದು ಹೆಸರಿಟ್ಟರು.

ರೈಲಿನಿಂದ ನೋಡುವವರಿಗೆ ಆ ಶಿಖರದ ಮುಖ ನುಣ್ಣನೆಯ ಗೋಡೆಯೇ ಸರಿ. ಅದರ ಬೆನ್ನಿನ ಕಡೆಯಿಂದ, ಕುರವಂಡೆ ಗ್ರಾಮದ ಕಾಲುದಾರಿ ಹಿಡಿದು ಸಾಮಾನ್ಯ ಚಾರಣಿಗರೂ ಮೇಲೇರಬಲ್ಲರು. ಆದರೆ ಮುಂಬಯಿಯ ಕೆಲವು ತರುಣ ತರುಣಿಯರು ಚಳಿಗಾಲದ ಭಾನುವಾರಗಳಲ್ಲಿ ಆ ಸುಲಭ ದಾರಿಯನ್ನು ಬಿಟ್ಟು, ಇಂಥ ಕಡಿದಾದ ಮುಖಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಹತ್ತಿರ ಹೋದಾಗ ಗಾದೆ ಹೇಳುವಂತೆಯೇ ಆ ನುಣುಪು ಮಾಯವಾಗುತ್ತದೆ. ಬಿರುಕು, ಮೆಟ್ಟಿಲು, ಚಾಚುಗಲ್ಲು, ಹುಲ್ಲಿನ ಗುಪ್ಪೆ ಎಲ್ಲವೂ ಗೋಚರಿಸುತ್ತವೆ. ಆ ಬಿರುಕುಗಳೇ ಆರೋಹಿಗಳ ದಾರಿ.

ಮನೆಯಲ್ಲಿರುವ ತಂದೆತಾಯಿಯರಿಗೆ ಈ ಸುದ್ದಿ ಕೇಳಿದೊಡನೆ ಎದೆ ನಡುಗುವುದು ಸಹಜ. "ಓದು, ನೌಕರಿ ಬಿಟ್ಟು ಬಂಡೆ ಹತ್ತುವ ಈ ಹುಚ್ಚೇಕೆ?" ಎಂಬ ಪ್ರಶ್ನೆಯನ್ನು ಕೇಳದ ಮನೆ ವಿರಳ. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಶಿಲಾರೋಹಣವೆಂದರೆ ನಿಜವಾಗಿ ಏನು, ಅದರಲ್ಲಿ ಅಪಾಯ ಎಲ್ಲಿದೆ, ರಕ್ಷಣೆ ಎಲ್ಲಿದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಕಪ್ಪು ಶಿಲೆಯ ಸ್ವಭಾವ

ಸಹ್ಯಾದ್ರಿಯ ಈ ಭಾಗದ ಬಂಡೆ ಬಸಾಲ್ಟ್ ಎಂಬ ಅಗ್ನಿಶಿಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ ಒಂದರ ಮೇಲೊಂದು ಪದರವಾಗಿ ತಣಿದು ದಖ್ಖನ್ ಪ್ರಸ್ಥಭೂಮಿಯಾಯಿತು. ಭೂವಿಜ್ಞಾನಿಗಳು ಇದನ್ನು 'ಡೆಕ್ಕನ್ ಟ್ರ್ಯಾಪ್' ಎನ್ನುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಎಂಬ ಅರ್ಥವುಳ್ಳ ಪದದಿಂದ ಈ ಹೆಸರು ಬಂದಿದೆ. ಘಾಟಿನ ಬೆಟ್ಟಗಳು ದೈತ್ಯನ ಸೋಪಾನದಂತೆ ಕಾಣುವುದಕ್ಕೆ ಈ ಪದರಗಳೇ ಕಾರಣ. ಮುಂಬಯಿ ನಗರದೊಳಗೇ ಇದರ ಅಪೂರ್ವ ನಿದರ್ಶನವೊಂದಿದೆ. ಅಂಧೇರಿ ಪಶ್ಚಿಮದಲ್ಲಿ ಕಟ್ಟಡಗಳ ನಡುವೆ ಸುಮಾರು 61 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿರುವ ಗಿಲ್ಬರ್ಟ್ ಹಿಲ್ ಕಪ್ಪು ಬಸಾಲ್ಟಿನ ಕಂಬಗಳಿಂದಾದ ಏಕಶಿಲೆ. ಅದರ ತಲೆಯ ಮೇಲಿನ ಗಾಂವದೇವಿ ಗುಡಿಗೆ ಭಕ್ತರು ಮೆಟ್ಟಿಲು ಹತ್ತಿ ಹೋಗುತ್ತಾರೆ. ಪನವೇಲಿನ ಆಚೆ ಕರ್ನಾಳಾ ಕೋಟೆಯ ನೆತ್ತಿಯಲ್ಲಿ ಹೆಬ್ಬೆರಳಿನಂತೆ ಎದ್ದಿರುವ ಸುಮಾರು 125 ಅಡಿಯ ಸ್ತಂಭವೂ ಇದೇ ಶಿಲೆಯದು.

ಕನ್ನಡನಾಡಿನ ಬಂಡೆಗಳಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ರಾಮನಗರ, ಸಾವನದುರ್ಗ, ಚಿತ್ರದುರ್ಗಗಳ ಗ್ರಾನೈಟ್ ಗಟ್ಟಿ ಮತ್ತು ಒರಟು. ಸಾವನದುರ್ಗದ ವಿಶಾಲವಾದ ಇಳಿಜಾರಿನಲ್ಲಿ ಪಾದದ ಘರ್ಷಣೆಯನ್ನೇ ನಂಬಿ ನೂರಾರು ಅಡಿ ಏರಬಹುದು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಬೆರಳಿಗೆ ಒದಗುವ ಸ್ಪಷ್ಟವಾದ ಅಂಚುಗಳಿವೆ. ಸಹ್ಯಾದ್ರಿಯ ಬಸಾಲ್ಟಿನ ಗುಣವೇ ಬೇರೆ. ಒಂದು ಪದರ ಕಬ್ಬಿಣದಷ್ಟು ಗಟ್ಟಿ, ಅದರ ಮೇಲಿನದು ಕೈಯಿಟ್ಟರೆ ಕಳಚಿಬರುವ ಸಡಿಲು ಕಲ್ಲು. ಎರಡು ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ಪಟ್ಟಿ. ನಾಲ್ಕು ತಿಂಗಳ ಮಳೆಗಾಲ ಪ್ರತಿವರ್ಷವೂ ಈ ಕಲ್ಲುಗಳನ್ನು ತೊಳೆದು, ಸಡಿಲಿಸಿ, ಹೊಸ ರೂಪಕ್ಕೆ ತರುತ್ತದೆ. ಆದುದರಿಂದ ಕಳೆದ ವರ್ಷ ಗಟ್ಟಿಯಾಗಿದ್ದ ಹಿಡಿ ಈ ವರ್ಷವೂ ಗಟ್ಟಿಯಾಗಿರುವುದೆಂದು ನಂಬುವಂತಿಲ್ಲ. ಅನುಭವಿ ಆರೋಹಿ ಪ್ರತಿಯೊಂದು ಕಲ್ಲನ್ನೂ ಮೊದಲು ಅಂಗೈಯಿಂದ ತಟ್ಟಿ ನೋಡುತ್ತಾನೆ. ಟೊಳ್ಳು ಸದ್ದು ಬಂದರೆ ಅದನ್ನು ಬಿಟ್ಟು ಬೇರೆ ಹಿಡಿ ಹುಡುಕುತ್ತಾನೆ. ಮಡಕೆ ಕೊಳ್ಳುವ ಗೃಹಿಣಿಯ ಜಾಣ್ಮೆಯೇ ಇದು.

ಹಂತಹಂತವಾಗಿ ಏರುವ ಕ್ರಮ

ಆರೋಹಣದ ಹಗ್ಗ ಸಾಮಾನ್ಯವಾಗಿ 50 ಅಥವಾ 60 ಮೀಟರ್ ಉದ್ದವಿರುತ್ತದೆ. ಬಂಡೆ ಅದಕ್ಕಿಂತ ಎತ್ತರವಾಗಿದ್ದರೆ ಒಂದೇ ಉಸಿರಿಗೆ ಏರುವಂತಿಲ್ಲ. ಮಾರ್ಗವನ್ನು ತುಂಡುಗಳನ್ನಾಗಿ ವಿಂಗಡಿಸಬೇಕು. ಒಂದು ತಂಗುದಾಣದಿಂದ ಮುಂದಿನ ತಂಗುದಾಣದವರೆಗಿನ ಒಂದೊಂದು ತುಂಡಿಗೂ 'ಪಿಚ್' ಎಂದು ಹೆಸರು. ಕ್ರಿಕೆಟಿನ ಪಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಹಂತವೆಂದು ಕರೆಯೋಣ.

ಇಬ್ಬರು ಆರೋಹಿಗಳು ಹಗ್ಗದ ಎರಡು ತುದಿಗಳಿಗೆ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಮುಂದಾಳು ಮೊದಲು ಏರುತ್ತಾನೆ. ಜೊತೆಗಾರ ಕೆಳಗೆ ಭದ್ರವಾಗಿ ನಿಂತು, ಸೊಂಟದ ಹಾರ್ನೆಸ್‌ಗೆ ತೊಡಿಸಿದ ಸಾಧನದ ಮೂಲಕ ಹಗ್ಗವನ್ನು ಬೇಕಾದಷ್ಟೇ ಬಿಡುತ್ತಾ ಹೋಗುತ್ತಾನೆ. ಈ ಕೆಲಸಕ್ಕೆ 'ಬಿಲೇ' ಎಂಬ ಪದ ರೂಢಿಯಲ್ಲಿದೆ. ಮುಂದಾಳು ಕೆಲವು ಅಡಿಗಳಿಗೊಮ್ಮೆ ಬಿರುಕಿನಲ್ಲಿ ಒಂದು ಆಸರೆಯನ್ನು ಸಿಕ್ಕಿಸಿ, ಕ್ಯಾರಬೀನರ್ ಎಂಬ ಲೋಹದ ಕೊಂಡಿಯ ಮೂಲಕ ಹಗ್ಗವನ್ನು ಅದರಲ್ಲಿ ಹಾಯಿಸುತ್ತಾನೆ. ನಿಲ್ಲಲು ಒಂದು ಚಾಚು ಸಿಕ್ಕಿದಾಗ ಅಲ್ಲಿ ಕನಿಷ್ಠ ಮೂರು ಆಸರೆಗಳನ್ನು ಹೂಡಿ, ಭಾರ ಮೂರಕ್ಕೂ ಸಮವಾಗಿ ಹಂಚುವಂತೆ ಪಟ್ಟಿಯಿಂದ ಬಿಗಿದು, ತನ್ನನ್ನು ಅದಕ್ಕೆ ಕಟ್ಟಿಕೊಳ್ಳುತ್ತಾನೆ. ಒಂದು ಆಸರೆ ಕೈಕೊಟ್ಟರೂ ಉಳಿದವು ತಡೆಯಬೇಕೆಂಬುದು ಇದರ ಮರ್ಮ. ಬಳಿಕ ಅವನು ಮೇಲಿನಿಂದ ಹಗ್ಗವನ್ನು ಎಳೆದುಕೊಳ್ಳುತ್ತಿರಲು, ಜೊತೆಗಾರ ಕೆಳಗಿನಿಂದ ಏರುತ್ತಾ, ಹೂಡಿದ್ದ ಆಸರೆಗಳನ್ನೆಲ್ಲ ಒಂದೊಂದಾಗಿ ಕಿತ್ತು ಜೊತೆಗೆ ತರುತ್ತಾನೆ. ಇಬ್ಬರೂ ಒಂದೆಡೆ ಸೇರಿದ ಮೇಲೆ ಎರಡನೆಯ ಹಂತ ಆರಂಭವಾಗುತ್ತದೆ. ಶಿಖರ ತಲುಪುವವರೆಗೆ ಇದೇ ಕ್ರಮ.

ಬಂಡೆಯಲ್ಲಿ ರಂಧ್ರ ಕೊರೆದು ಶಾಶ್ವತವಾಗಿ ಬೋಲ್ಟುಗಳನ್ನು ನೆಟ್ಟ ಮಾರ್ಗಗಳೂ ಉಂಟು. ಬಾದಾಮಿಯ ಪ್ರಸಿದ್ಧ ಮಾರ್ಗಗಳಲ್ಲಿ ಅನೇಕವು ಅಂಥವು. ಆದರೆ ಸಾಂಪ್ರದಾಯಿಕ ಶಿಲಾರೋಹಣದಲ್ಲಿ ಆರೋಹಿ ತನ್ನ ರಕ್ಷಣೆಯನ್ನು ತಾನೇ ಹೊತ್ತೊಯ್ದು, ತಾನೇ ಹೂಡಿ, ಜೊತೆಗಾರನ ಮೂಲಕ ಹಿಂದಕ್ಕೆ ಪಡೆಯುತ್ತಾನೆ. ಅವರು ಹೋದ ಮೇಲೆ ಬಂಡೆಯ ಮೇಲೆ ಗುರುತು ಉಳಿಯಬಾರದು.

ನಟ್ಟು, ಕ್ಯಾಮ್ ಮತ್ತು ಬಿರುಕು

ಈ ಆಸರೆಗಳ ಇತಿಹಾಸ ಸ್ವಾರಸ್ಯಕರವಾದದ್ದು. ಹಿಂದೆ ಬ್ರಿಟನ್ನಿನ ಆರೋಹಿಗಳು ಬಿರುಕಿನಲ್ಲಿ ಬೆಣಚುಕಲ್ಲನ್ನು ಸಿಕ್ಕಿಸಿ ಅದಕ್ಕೆ ಹಗ್ಗದ ಕುಣಿಕೆ ಹಾಕುತ್ತಿದ್ದರು. 1950ರ ದಶಕದಲ್ಲಿ ಕೆಲವರು ಕಲ್ಲಿನ ಬದಲು ಯಂತ್ರಗಳ ಕಬ್ಬಿಣದ ನಟ್ಟುಗಳ ಮರೆಯನ್ನು ಉಜ್ಜಿ ನುಣುಪಾಗಿಸಿ, ಅವುಗಳಲ್ಲಿ ಹಗ್ಗ ಪೋಣಿಸಿ ಉಪಯೋಗಿಸತೊಡಗಿದರು. ಇಂದು ಬೆಣೆಯಾಕಾರದ ಲೋಹದ ಆಸರೆಗೆ 'ನಟ್' ಎಂಬ ಹೆಸರು ಉಳಿದಿರುವುದು ಇದರಿಂದಲೇ. ಸುತ್ತಿಗೆಯಿಂದ ಬಡಿದು ಕೂರಿಸುವ ಪೀಟನ್ ಎಂಬ ಮೊಳೆಗಳು ಬಂಡೆಯನ್ನು ಗಾಯಗೊಳಿಸುವುದನ್ನು ಕಂಡು, ಅಮೆರಿಕದ ಯ್ವೋನ್ ಶುನಾರ್ 1972ರ ತಮ್ಮ ಕಂಪೆನಿಯ ಸಾಮಗ್ರಿಪಟ್ಟಿಯಲ್ಲಿ ಸುತ್ತಿಗೆ ಬೇಡದ ಆಸರೆಗಳನ್ನೇ ಬಳಸುವಂತೆ ಆರೋಹಿಗಳಿಗೆ ಕರೆಯಿತ್ತರು. ಅದೇ ದಶಕದಲ್ಲಿ ರೇ ಜಾರ್ಡೀನ್ ಎಂಬ ಇನ್ನೊಬ್ಬ ಅಮೆರಿಕನ್ನರು ಸ್ಪ್ರಿಂಗಿನಿಂದ ಅರಳುವ ಕ್ಯಾಮ್ ಎಂಬ ಸಾಧನವನ್ನು ರೂಪಿಸಿದರು. 1978ರ ಹೊತ್ತಿಗೆ ಅದು 'ಫ್ರೆಂಡ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಕೊಡೆಯನ್ನು ಮಡಚಿದಂತೆ ಅದನ್ನು ಕುಗ್ಗಿಸಿ ಬಿರುಕಿನೊಳಗಿಟ್ಟು ಬಿಟ್ಟರೆ ಅರಳಿ ಕೂರುತ್ತದೆ. ಕೆಳಕ್ಕೆ ಎಳೆದಷ್ಟೂ ಎರಡೂ ಬದಿಯ ಕಲ್ಲನ್ನು ಬಲವಾಗಿ ಒತ್ತುತ್ತದೆ.

ಆದರೆ ಸಾಧನ ಎಷ್ಟೇ ಉತ್ತಮವಾಗಿರಲಿ, ಅದರ ಬಲ ಅದನ್ನು ಹಿಡಿದಿರುವ ಕಲ್ಲಿನ ಬಲದಷ್ಟೇ. ಸಡಿಲು ಬಂಡೆಯ ಹಿಂದೆ ಹೂಡಿದ ಕ್ಯಾಮ್ ಭಾರ ಬಿದ್ದಾಗ ಆ ಬಂಡೆಯನ್ನೇ ಹೊರಕ್ಕೆ ಮೀಟಿಬಿಡಬಹುದು. ಹಿಂದಿನವರು ಬಿಟ್ಟುಹೋದ ಹಳೆಯ ಪೀಟನ್‌ಗಳು ಕೊಂಕಣದ ಮಳೆಗೆ ಒಳಗೊಳಗೇ ತುಕ್ಕು ಹಿಡಿದಿರುತ್ತವೆ. ಅವನ್ನು ನಂಬಿ ತೂಗುವುದು ಅವಿವೇಕ.

ಬೀಳುವಿಕೆಯ ಲೆಕ್ಕ

ಎತ್ತರದಿಂದ ಬಿದ್ದಷ್ಟೂ ಅಪಾಯ ಹೆಚ್ಚೆಂಬುದು ಜನಸಾಮಾನ್ಯರ ಎಣಿಕೆ. ಹಗ್ಗದ ಶಾಸ್ತ್ರ ಇದಕ್ಕಿಂತ ಸ್ವಲ್ಪ ಬೇರೆ. ಮುಂದಾಳು ತನ್ನ ಕೊನೆಯ ಆಸರೆಗಿಂತ 3 ಮೀಟರ್ ಮೇಲಿದ್ದಾಗ ಜಾರಿದರೆ, ಆ 3 ಮೀಟರ್ ಇಳಿದು, ಮತ್ತೆ ಅಷ್ಟೇ ಕೆಳಕ್ಕೆ ಹೋಗಿ, ಒಟ್ಟು 6 ಮೀಟರ್ ಬೀಳುತ್ತಾನೆ. ಆಗ ಅವನಿಗೂ ಜೊತೆಗಾರನಿಗೂ ನಡುವೆ 30 ಮೀಟರ್ ಹಗ್ಗವಿದ್ದರೆ, ಅಷ್ಟು ಉದ್ದದ ಹಗ್ಗ ರಬ್ಬರಿನಂತೆ ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಅಂಕಿ 0.2, ಇದು ಮೃದುವಾದ ಬೀಳುವಿಕೆ. ಅದೇ ಮುಂದಾಳು ತಂಗುದಾಣವನ್ನು ಬಿಟ್ಟು, ಯಾವ ಆಸರೆಯನ್ನೂ ಹೂಡದೆ 3 ಮೀಟರ್ ಏರಿ ಜಾರಿದರೆ, ಬೀಳುವುದು ಅದೇ 6 ಮೀಟರ್. ಆದರೆ ಅದನ್ನು ತಡೆಯಲು ಇರುವ ಹಗ್ಗ 3 ಮೀಟರ್ ಮಾತ್ರ. ಅಂಕಿ 2ಕ್ಕೆ ಏರುತ್ತದೆ. ಇದಕ್ಕಿಂತ ಕಠೋರವಾದ ಬೀಳುವಿಕೆ ಈ ಪದ್ಧತಿಯಲ್ಲಿ ಇಲ್ಲ. ಆ ಪೆಟ್ಟೆಲ್ಲವೂ ನೇರವಾಗಿ ತಂಗುದಾಣದ ಆಸರೆಗಳ ಮೇಲೆ, ಅಂದರೆ ಇಬ್ಬರ ಪ್ರಾಣದ ಮೇಲೂ, ಬೀಳುತ್ತದೆ.

ಆದ್ದರಿಂದಲೇ ಪ್ರತಿ ಹಂತದ ಆರಂಭದಲ್ಲಿ, ದಾರಿ ಎಷ್ಟೇ ಸುಲಭವೆನಿಸಿದರೂ, ಮೊದಲ ಆಸರೆಯನ್ನು ಆದಷ್ಟು ಬೇಗ ಹೂಡಬೇಕೆಂಬುದು ನಿಯಮ. ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 1932ರಲ್ಲಿ ಸ್ಥಾಪನೆಯಾಯಿತು. ಅದು ವಿಧಿಸಿದ ಮಾನದಂಡದಂತೆ, ಪರೀಕ್ಷೆಯ ಮೊದಲ ಬೀಳುವಿಕೆಯಲ್ಲಿ ಒಂಟಿ ಹಗ್ಗ ಆರೋಹಿಗೆ 12 ಕಿಲೋನ್ಯೂಟನ್‌ಗಿಂತ, ಅಂದರೆ ಸುಮಾರು 1200 ಕಿಲೋ ತೂಕದ ಒತ್ತಡಕ್ಕಿಂತ, ಹೆಚ್ಚಿನ ಪೆಟ್ಟು ಕೊಡಬಾರದು. ಬಾವಿಯ ಹಗ್ಗ, ಹಡಗಿನ ಹಗ್ಗ, ಕಟ್ಟಡದ ಕೆಲಸದ ಹಗ್ಗಗಳು ಹೀಗೆ ಹಿಗ್ಗುವುದಿಲ್ಲ. ಅವು ತುಂಡಾಗದಿದ್ದರೂ ಬಿದ್ದವನ ಬೆನ್ನೆಲುಬನ್ನು ಮುರಿಯಬಲ್ಲವು. ಅಗ್ಗದ ಬೆಲೆಗೆ ಮಾರುಕಟ್ಟೆಯ ಹಗ್ಗ ತಂದು ಬಂಡೆಗೆ ಹೋಗುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಜೊತೆಗಾರನ ಕೈ

ಶಿಖರದ ಮೇಲೆ ತೆಗೆದ ಛಾಯಾಚಿತ್ರದಲ್ಲಿ ಮುಂದಾಳು ನಡುವೆ ನಿಂತಿರುತ್ತಾನೆ. ಆದರೆ ಅವನನ್ನು ಅಲ್ಲಿಗೆ ಜೀವಸಹಿತ ಮುಟ್ಟಿಸಿದ್ದು ಹಗ್ಗದ ಇನ್ನೊಂದು ತುದಿಯ ಕೈ. ಬಿಲೇ ನೀಡುವವರು ಎರಡು ಕೈಗಳಲ್ಲಿ ಒಂದನ್ನು, ತಡೆ ಹಿಡಿಯುವ ಕೈಯನ್ನು, ಯಾವ ಕಾರಣಕ್ಕೂ ಹಗ್ಗದಿಂದ ತೆಗೆಯಬಾರದು. ನೊಣ ಕಚ್ಚಿದರೂ, ಬಾಯಾರಿದರೂ, ಜೇಬಿನಲ್ಲಿ ಫೋನ್ ಸದ್ದು ಮಾಡಿದರೂ ಆ ಕೈ ಅಲುಗಬಾರದು. ಒಂದು ಗಂಟೆಯ ಕಾಲ ಏನೂ ಆಗದೆ ಇರಬಹುದು. ಒಂದು ಕ್ಷಣದಲ್ಲಿ ಎಲ್ಲವೂ ಆಗಿಬಿಡಬಹುದು. ಸಿಂಹಗಡವನ್ನು 1670ರಲ್ಲಿ ಏರಿದ ತಾನಾಜಿಯ ಕಡೆಯವರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದರೆಂಬ ದಂತಕಥೆ ಮಹಾರಾಷ್ಟ್ರದಲ್ಲಿ ಮನೆಮಾತು. ಕನ್ನಡದಲ್ಲಿಯೂ ಬಿಡದ ಹಿಡಿತಕ್ಕೆ ಉಡದ ಪಟ್ಟು ಎನ್ನುತ್ತಾರೆ. ಜೊತೆಗಾರನಿಗೆ ಬೇಕಾದುದು ಆ ಪಟ್ಟು.

ಹೊರಡುವ ಮುನ್ನ ಇಬ್ಬರೂ ಪರಸ್ಪರರನ್ನು ಪರೀಕ್ಷಿಸುವುದು ಕಡ್ಡಾಯ. ಹಾರ್ನೆಸ್ಸಿನ ಬಕಲ್ ಸರಿಯಾಗಿ ಮಡಚಿದೆಯೇ, ಎಂಟರಾಕಾರದ ಗಂಟು ಪೂರ್ಣವಾಗಿದೆಯೇ, ಬಿಲೇ ಸಾಧನದಲ್ಲಿ ಹಗ್ಗ ಸರಿಯಾದ ದಿಕ್ಕಿನಲ್ಲಿ ಹಾದಿದೆಯೇ, ಕೊಂಡಿಯ ತಿರುಪು ಬಿಗಿದಿದೆಯೇ, ತಲೆಯ ಮೇಲೆ ಶಿರಸ್ತ್ರಾಣವಿದೆಯೇ ಎಂಬ ಈ ಐದು ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು. ಇಪ್ಪತ್ತು ವರ್ಷ ಅನುಭವವುಳ್ಳವರೂ ಇದನ್ನು ಬಿಡುವಂತಿಲ್ಲ. ಏಕೆಂದರೆ ಅನುಭವಿಯ ಮರೆವು ನವಸಿಗನ ಅಜ್ಞಾನದಷ್ಟೇ ಮಾರಕ. ಘಾಟಿನ ಗಾಳಿಯಲ್ಲಿ 40 ಮೀಟರ್ ಮೇಲಿನವನ ಕೂಗು ಕೆಳಗಿನವನಿಗೆ ಕೇಳಿಸದೆ ಹೋಗಬಹುದು. ಆದಕಾರಣ ಹಗ್ಗವನ್ನು ಎಷ್ಟು ಸಲ ಜಗ್ಗಿದರೆ ಏನರ್ಥ ಎಂಬುದನ್ನು ನೆಲದ ಮೇಲಿರುವಾಗಲೇ ಗೊತ್ತುಮಾಡಿಕೊಳ್ಳಬೇಕು.

ಇಲ್ಲಿ ಮುಂಬಯಿಯ ನಿತ್ಯದ ದೃಶ್ಯವೊಂದು ನೆನಪಾಗುತ್ತದೆ. ಡೊಂಬಿವಲಿಯಿಂದ ಹೊರಟ ಲೋಕಲ್ ಗಾಡಿ ಮುಂಬ್ರಾ ಬಳಿ ಬರುವಾಗ ಬಾಗಿಲಲ್ಲಿ ಒಂದು ಕೈಯಿಂದ ಕಂಬ ಹಿಡಿದು ಹೊರಗೆ ಜೋತಾಡುವ ತರುಣನ ತಲೆಯ ಮೇಲ್ಗಡೆಯೇ ಮುಂಬ್ರಾ ದೇವಿಯ ಬೆಟ್ಟದ ಬಂಡೆಗಳಿವೆ. ದಶಕಗಳಿಂದ ಮುಂಬಯಿಯ ಆರೋಹಿಗಳು ಅಭ್ಯಾಸ ಮಾಡುತ್ತ ಬಂದಿರುವ ಬಂಡೆಗಳವು. ಅಲ್ಲಿ ಹಗ್ಗದಲ್ಲಿರುವವನನ್ನು ಕಂಡು ಜನ ಹುಚ್ಚನೆನ್ನುತ್ತಾರೆ. ಗಾಡಿಯ ಬಾಗಿಲಿನವನನ್ನು ಯಾರೂ ಗಮನಿಸುವುದೇ ಇಲ್ಲ. ಆದರೆ ಗಾಡಿಯವನಿಗೆ ಹಗ್ಗವಿಲ್ಲ, ಆಸರೆಯಿಲ್ಲ, ಅವನ ಭಾರ ಹಿಡಿದ ಎರಡನೆಯ ಕೈಯಿಲ್ಲ. ಅಪಾಯವನ್ನು ಅಲಕ್ಷಿಸುವುದು ಸಾಹಸವಲ್ಲ. ಅಪಾಯವನ್ನು ಅಳೆದು, ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಳ್ಳುವುದು ಸಾಹಸ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ ಪ್ರಸಿದ್ಧರಾದ ಜ್ಯೋತಿರಾಜರ ಚಾಪಲ್ಯ ಬೆರಗು ಹುಟ್ಟಿಸುವಂಥದು ನಿಜ. ಆದರೆ ಅದು ನೋಡಿ ಮೆಚ್ಚತಕ್ಕದ್ದು, ಅನುಕರಿಸತಕ್ಕದ್ದಲ್ಲ.

ದೇಹದ ಸಿದ್ಧತೆ

ಶಿಲಾರೋಹಣ ತೋಳ್ಬಲದ ಆಟವೆಂಬುದು ತಪ್ಪು ಕಲ್ಪನೆ. ದೇಹದ ಭಾರವನ್ನು ಹೊರಬೇಕಾದುದು ಕಾಲುಗಳು. ಕೈಗಳು ಸಮತೋಲಕ್ಕೆ ಮಾತ್ರ. ಕೈಯ ಮೇಲೆಯೇ ಭಾರ ಹಾಕುವ ಹೊಸಬನ ಮುಂಗೈ ಹತ್ತು ನಿಮಿಷದಲ್ಲಿ ಕಲ್ಲಿನಂತೆ ಬಿಗಿದು, ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಆಗ ಒಂದು ಕಾಲಿನ ಮೇಲೆ ನೆಮ್ಮದಿಯಾಗಿ ನಿಂತು, ಒಂದೊಂದೇ ಕೈಯನ್ನು ಕೆಳಗೆ ಬಿಟ್ಟು ಕೊಡವಿ, ದೀರ್ಘವಾಗಿ ಉಸಿರಾಡಬೇಕು.

ಬೆರಳಿನ ರಚನೆಯನ್ನು ಅರಿತವರು ಅವಸರಪಡುವುದಿಲ್ಲ. ಬೆರಳನ್ನು ಮಡಿಸುವ ಸ್ನಾಯುರಜ್ಜುಗಳನ್ನು ಮೂಳೆಗೆ ಒತ್ತಿ ಹಿಡಿಯಲು ಉಂಗುರದಂಥ ಸಣ್ಣ ಪಟ್ಟಿಗಳಿವೆ. ಸ್ನಾಯುಗಳು ಕೆಲವು ವಾರಗಳ ವ್ಯಾಯಾಮದಿಂದ ಬಲಗೊಳ್ಳುತ್ತವೆ. ರಜ್ಜುಗಳಿಗೂ ಈ ಪಟ್ಟಿಗಳಿಗೂ ಅನೇಕ ತಿಂಗಳುಗಳು ಬೇಕು. ತೋಳು ಬಲಿಯಿತೆಂದು ಅತಿ ಸಣ್ಣ ಅಂಚುಗಳಿಗೆ ಬೆರಳ ತುದಿಯಿಂದ ತೂಗಿದರೆ 'ಟಪ್' ಎಂಬ ಸದ್ದಿನೊಡನೆ ಪಟ್ಟಿ ಹರಿಯಬಹುದು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯ ಭಾಗವೇ ಸೀಳುವ ಸಂಭವವಿರುವುದರಿಂದ, ಅವರಿಗೆ ಬೆರಳಿಗೆ ತೀವ್ರ ಒತ್ತಡ ಕೊಡುವ ಅಭ್ಯಾಸ ಸಲ್ಲದು. ಬೆರಳ ಗಂಟಿನ ನೋವು ಕೆಲವು ದಿನಗಳಲ್ಲಿ ಶಮನವಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಹೃದ್ರೋಗ, ರಕ್ತದೊತ್ತಡ, ಮಧುಮೇಹ, ಮೂರ್ಛೆರೋಗ ಉಳ್ಳವರು ವೈದ್ಯರ ಸಲಹೆ ಪಡೆಯದೆ ಬಂಡೆಗೆ ಹೋಗಬಾರದು.

ಬಿದ್ದು ಪ್ರಜ್ಞೆ ತಪ್ಪಿದವನು ಹಾರ್ನೆಸ್ಸಿನಲ್ಲಿ ನಿಶ್ಚಲನಾಗಿ ತೂಗುತ್ತಿದ್ದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಾಪಾಯ ಒದಗಬಹುದು. ಅವನನ್ನು ಆದಷ್ಟು ಶೀಘ್ರವಾಗಿ ಇಳಿಸಬೇಕು. ಇಳಿಸಿದವನನ್ನು ಕೂರಿಸಿಯೇ ಇಡಬೇಕೆಂಬ ಹಳೆಯ ಉಪದೇಶವನ್ನು ವೈದ್ಯಕೀಯ ಈಗ ಕೈಬಿಟ್ಟಿದೆ. ಸಮತಟ್ಟಾಗಿ ಮಲಗಿಸಿ, ಉಸಿರಾಟವನ್ನು ನೋಡಿ, ಎಂದಿನ ಪ್ರಥಮ ಚಿಕಿತ್ಸೆ ಮಾಡಬೇಕು.

ಬಿಸಿಲು, ಹೆಜ್ಜೇನು

ಮಳೆಗಾಲ ಕಳೆದು ಕಲ್ಲು ಒಣಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿನ ಯೋಗ್ಯ ಕಾಲ. ಆದರೂ ಕರಿಯ ಕಲ್ಲು ಬಿಸಿಲನ್ನು ಹೀರಿ ಮಧ್ಯಾಹ್ನಕ್ಕೆ ಹೆಂಚಿನಂತೆ ಕಾಯುತ್ತದೆ. ಮುಂಜಾನೆಯೇ ಆರಂಭಿಸುವುದು, ತಲಾ 3 ಲೀಟರಿನಷ್ಟಾದರೂ ನೀರು ಒಯ್ಯುವುದು ಲೇಸು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿದ ಪಾನಕ ಬೆವರಿನ ನಷ್ಟವನ್ನು ತುಂಬುತ್ತದೆ. ಹುರಿದ ಅವಲಕ್ಕಿ, ಶೇಂಗಾ, ಬೆಲ್ಲ, ಲೋಣಾವಳೆಯ ಚಿಕ್ಕಿ ಇವು ಕಟ್ಟಿಕೊಳ್ಳಲು ಹಗುರ, ಶಕ್ತಿ ಕೊಡುವುದರಲ್ಲಿ ಗಟ್ಟಿ. ಜೊತೆಗಾರ ತಲೆನೋವೆಂದು ಹೇಳಿ ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದು ಬಿಸಿಲಿನ ಆಘಾತದ ಮುನ್ಸೂಚನೆ. ಕೂಡಲೇ ನೆರಳಿಗೆ ತಂದು ಮೈ ತಣಿಸಬೇಕು.

ಸಹ್ಯಾದ್ರಿಯ ಆರೋಹಿಗಳು ಬೀಳುವುದಕ್ಕಿಂತ ಹೆಚ್ಚಾಗಿ ಅಂಜುವುದು ಹೆಜ್ಜೇನಿಗೆ. ಚಾಚುಬಂಡೆಗಳ ಅಡಿಯಲ್ಲಿ ಅವುಗಳ ದೊಡ್ಡ ಹುಟ್ಟುಗಳು ತೂಗುತ್ತವೆ. ಕರ್ನಾಳಾದ ಸ್ತಂಭವೂ ಇದಕ್ಕೆ ಹೆಸರಾದದ್ದು. ನೆಲದ ಮೇಲಿರುವವನು ಓಡಿ ತಪ್ಪಿಸಿಕೊಳ್ಳಬಹುದು. ಎರಡನೆಯ ಹಂತದಲ್ಲಿ ಹಗ್ಗಕ್ಕೆ ಕಟ್ಟಿಕೊಂಡವನು ಎಲ್ಲಿಗೆ ಓಡಬೇಕು? ಏರುವ ಮೊದಲು ದುರ್ಬೀನಿನಿಂದ ಇಡೀ ಮುಖವನ್ನು ಪರೀಕ್ಷಿಸಿ, ಹುಟ್ಟು ಕಂಡರೆ ಆ ದಿನ ಆ ಮಾರ್ಗವನ್ನು ಬಿಡಬೇಕು. ಅತ್ತರು, ಹೊಗೆ, ಕೂಗಾಟ, ಡ್ರೋನಿನ ಸದ್ದು ಇವೆಲ್ಲವೂ ಜೇನುಗಳನ್ನು ಕೆರಳಿಸುತ್ತವೆ. ಎರಗಿದರೆ ಮುಖ, ಕತ್ತು ಮುಚ್ಚಿಕೊಳ್ಳಬೇಕು; ಗಾಬರಿಯಲ್ಲಿ ಹಗ್ಗದಿಂದ ಕಳಚಿಕೊಳ್ಳುವ ತಪ್ಪನ್ನು ಮಾತ್ರ ಮಾಡಬಾರದು. ಚುಚ್ಚಿದ ಮುಳ್ಳುಗಳನ್ನು ಬೇಗನೆ ಕೆರೆದು ತೆಗೆಯಬೇಕು. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸಬಲ್ಲದು.

ಹಿಂದಿರುಗುವ ಧೈರ್ಯ

ಬಂಡೆಯ ಮೇಲಿನ ನಿಜವಾದ ಪರೀಕ್ಷೆ ಕಠಿಣವಾದ ಹಿಡಿಯಲ್ಲಿಲ್ಲ. ಅದು ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆಗೆ. ಇನ್ನೊಂದೇ ಹಂತ ಉಳಿದಿದೆ, ನೀರು ಮುಗಿದಿದೆ, ಸೂರ್ಯ ಪಶ್ಚಿಮಕ್ಕೆ ವಾಲಿದ್ದಾನೆ. ಮುಂದಾಳಿನ ಕಣ್ಣು ಮೇಲಿದೆ. ಜೊತೆಗಾರನ ತುಟಿ ಒಣಗಿದೆ, ಆದರೆ ಅಂಜುಬುರುಕನೆನಿಸಿಕೊಳ್ಳುವ ಸಂಕೋಚದಿಂದ ಅವನು ಬಾಯಿ ತೆರೆಯುವುದಿಲ್ಲ. ಇಂಥ ಮೌನದಿಂದ ಅಪಘಾತಗಳು ಹುಟ್ಟುತ್ತವೆ. ಒಳ್ಳೆಯ ತಂಡಗಳಲ್ಲಿ ಒಂದು ಅಲಿಖಿತ ನಿಯಮವಿರುತ್ತದೆ: ಇಬ್ಬರಲ್ಲಿ ಒಬ್ಬರು ಹಿಂದಿರುಗೋಣವೆಂದರೆ ವಾದವಿಲ್ಲ, ಮೂದಲಿಕೆಯಿಲ್ಲ. ಬಂಡೆ ಆರು ಕೋಟಿ ವರ್ಷಗಳಿಂದ ಅಲ್ಲಿಯೇ ಇದೆ; ಮುಂದಿನ ಭಾನುವಾರವೂ ಇರುತ್ತದೆ.

ಇಳಿಯುವುದು ಏರುವುದಕ್ಕಿಂತ ಸುಲಭವೆಂದು ಭಾವಿಸಬಾರದು. ರಾಯಗಡದ ಬಾಗಿಲು ಮುಚ್ಚಿದ ಮೇಲೆ, ಮನೆಯಲ್ಲಿದ್ದ ಕೂಸಿಗಾಗಿ ಕತ್ತಲಲ್ಲಿ ಕಡಿದಾದ ಬಂಡೆಯನ್ನು ಇಳಿದು ಹೋದ ಹಾಲು ಮಾರುವ ಹಿರಕಣಿಯ ಕಥೆಯನ್ನು ಮಹಾರಾಷ್ಟ್ರ ಇಂದಿಗೂ ನೆನೆಯುತ್ತದೆ. ಅಲ್ಲಿಯ ಬುರುಜಿಗೆ ಅವಳ ಹೆಸರೇ ಇದೆ. ಹಗ್ಗದ ಮೇಲೆ ಜಾರಿ ಇಳಿಯುವಾಗ ದಣಿದ ಮನಸ್ಸು ಒಂದು ಸಣ್ಣ ಸಂಗತಿಯನ್ನು ಮರೆತರೆ ಸಾಕು. ಹಗ್ಗದ ಎರಡೂ ತುದಿಗಳಿಗೆ ದಪ್ಪ ಗಂಟು ಹಾಕದೆ ಇಳಿದು, ತುದಿಯಿಂದಲೇ ಜಾರಿಹೋದ ಅಪಘಾತಗಳು ಲೋಕದ ನಾನಾ ಕಡೆ ನಡೆದಿವೆ. ಒಂದು ಗಂಟು ಹಾಕಲು ಬೇಕಾದುದು ಅರ್ಧ ನಿಮಿಷ.

ಕಲಿಯುವ ದಾರಿ

ಮುಂಬಯಿಯಲ್ಲಿ ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಯಲು ಅನುಕೂಲಗಳಿವೆ. 1954ರಲ್ಲಿ ಹುಟ್ಟಿದ ಗಿರಿವಿಹಾರ ಸಂಸ್ಥೆ ನಗರದ ಹಳೆಯ ಪರ್ವತಾರೋಹಣ ಸಂಘಗಳಲ್ಲೊಂದು. 1928ರಲ್ಲಿ ಸ್ಥಾಪಿತವಾದ ಹಿಮಾಲಯನ್ ಕ್ಲಬ್ಬಿನ ಕೇಂದ್ರವೂ ಇಂದು ಮುಂಬಯಿಯಲ್ಲಿದೆ. ನವಿ ಮುಂಬಯಿ 2016ರಲ್ಲಿ, ಮತ್ತೆ 2017ರಲ್ಲಿ, ಬೌಲ್ಡರಿಂಗ್ ವಿಶ್ವಕಪ್ ಸ್ಪರ್ಧೆಗೆ ಆತಿಥ್ಯ ನೀಡಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆರೋಹಣ ಮೊದಲ ಸಲ ಪದಕದ ಕ್ರೀಡೆಯಾಯಿತು. ಆದರೆ ಸ್ಪರ್ಧೆಯ ಕೃತಕ ಗೋಡೆಯಲ್ಲಿ ಚುರುಕಾದವರು ಸಹ್ಯಾದ್ರಿಯ ಬಂಡೆಯಲ್ಲಿ ಮತ್ತೆ ವಿದ್ಯಾರ್ಥಿಗಳೇ. ಸಡಿಲು ಕಲ್ಲನ್ನು ಗುರುತಿಸುವುದನ್ನು ಯಾವ ಗೋಡೆಯೂ ಕಲಿಸುವುದಿಲ್ಲ. ಮೊದಲು ಸಣ್ಣ ಬಂಡೆಗಳು, ಬಳಿಕ ಮೇಲಿನಿಂದ ಕಟ್ಟಿದ ಹಗ್ಗ, ಅನಂತರ ಅನುಭವಿಯ ಜೊತೆಗಾರನಾಗಿ ಒಂದೆರಡು ಋತು, ಕೊನೆಗೆ ಮುಂದಾಳುತನ. ಈ ಅನುಕ್ರಮವನ್ನು ತಪ್ಪಿಸಬಾರದು. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಾಗಲಿ, ಕರ್ನಾಳಾದ ಪಕ್ಷಿಧಾಮವಾಗಲಿ ಅರಣ್ಯ ಇಲಾಖೆಗೆ ಸೇರಿದ ಪ್ರದೇಶಗಳು. ಅನುಮತಿ ಇಲ್ಲದೆ ಅಲ್ಲಿ ಹಗ್ಗ ಬಿಚ್ಚುವುದು ಸರಿಯಲ್ಲ.

ಹೆತ್ತವರಿಗೂ ಒಂದು ಮಾತು. "ಹೋಗಬೇಡ" ಎಂದರೆ ಮಗ ಅಥವಾ ಮಗಳು ಹೇಳದೆ ಹೋಗುವ ಸಂಭವವೇ ಹೆಚ್ಚು. ಅದಕ್ಕಿಂತ ಕೇಳತಕ್ಕ ಪ್ರಶ್ನೆಗಳಿವೆ: ಯಾವ ಸಂಸ್ಥೆಯೊಡನೆ? ಮುಂದಾಳು ಯಾರು, ಅವರ ಅನುಭವವೆಷ್ಟು? ಹಗ್ಗದ ವಯಸ್ಸೆಷ್ಟು? ಎಷ್ಟು ಗಂಟೆಗೆ ಹಿಂದಿರುಗುವುದು ನಿಶ್ಚಯ? ಮಾರ್ಗದ ಹೆಸರನ್ನು ಮನೆಯಲ್ಲಿ ಬರೆದಿಟ್ಟಿದೆಯೇ? ಗೊತ್ತಾದ ಹೊತ್ತು ಮೀರಿದರೆ 112 ಅಥವಾ ಆಂಬುಲೆನ್ಸಿನ 108 ಸಂಖ್ಯೆಗೆ ಕರೆ ಮಾಡಲು ಆ ಕಾಗದ ಬೇಕಾಗುತ್ತದೆ. ಲೋಣಾವಳೆಯ ಶಿವದುರ್ಗ ಮಿತ್ರದಂಥ ಸ್ವಯಂಸೇವಕ ತಂಡಗಳು ಹಗಲಿರುಳೆನ್ನದೆ ಕಣಿವೆಗಿಳಿದು ಸಿಕ್ಕಿಕೊಂಡವರನ್ನು ಮೇಲೆತ್ತುತ್ತವೆ. ಆದರೆ ಎಲ್ಲಿ ಹುಡುಕಬೇಕೆಂಬುದು ಅವರಿಗೂ ತಿಳಿಯಬೇಕಲ್ಲವೇ? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡಬಲ್ಲ ಮಕ್ಕಳನ್ನು ಬಂಡೆಗೆ ಕಳಿಸಬಹುದು. ಕೊಡಲಾರದವರು ಇನ್ನೂ ಸಿದ್ಧರಾಗಿಲ್ಲ.

ಊರಿಗೆ ಹೋಗುವ ಗಾಡಿ ಮತ್ತೊಮ್ಮೆ ಬೋರ್ ಘಾಟನ್ನು ಏರುವಾಗ ಓದುಗರು ಕಿಟಕಿಯಿಂದ ನಾಗಫಣಿಯನ್ನು ನೋಡಿಯಾರು. ಚಳಿಗಾಲದ ಬೆಳಗಾಗಿದ್ದರೆ ಆ ಕಪ್ಪು ಮುಖದ ಮೇಲೆ ಎರಡು ಬಣ್ಣದ ಚುಕ್ಕೆಗಳು ಕಂಡರೂ ಕಾಣಬಹುದು, ಒಂದು ಮೇಲೆ, ಒಂದು ಕೆಳಗೆ. ನಡುವಿನ ಹಗ್ಗ ಅಷ್ಟು ದೂರಕ್ಕೆ ಕಾಣಿಸುವುದಿಲ್ಲ. ತಾವು ಕುಳಿತ ಗಾಡಿಯನ್ನು ಕರ್ಜತ್ತಿನಿಂದ ತಳ್ಳಿಕೊಂಡು ಬರುತ್ತಿರುವ ಹಿಂದಿನ ಎಂಜಿನ್ನು ಕೂಡ ಕಿಟಕಿಯ ಬಳಿ ಕುಳಿತವರ ಕಣ್ಣಿಗೆ ಬೀಳುವುದಿಲ್ಲ. ಆದರೂ ಘಾಟಿಯನ್ನು ಹತ್ತಿಸುವುದು ಅದೂ ಹೌದು.